ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಹತ್ತು ಹದಿನೈದು ವರ್ಷ ಓಡಿದ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಈ ಕಾಟ ಗೊತ್ತಿರುತ್ತದೆ. ಸಿಗ್ನಲ್ ಹಸಿರಾಗುತ್ತದೆ. ಆಕ್ಸಿಲರೇಟರ್ ಒತ್ತುತ್ತೀರಿ. ಗಾಡಿ ಒಂದು ಕ್ಷಣ ಸುಮ್ನೆ ಇದ್ದು, ಆಮೇಲೆ ಜರ್ಕ್ ಹೊಡೆದು ಮುಂದಕ್ಕೆ ನುಗ್ಗುತ್ತದೆ. ಗ್ಯಾರೇಜಿಗೆ ಹೋದರೆ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುತ್ತಾರೆ. "ಸಾರ್, ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕ್ಬೇಕು" ಅನ್ನುತ್ತಾರೆ. ಹಾಕಿಸುತ್ತೀರಿ. ದುಡ್ಡು ಹೋಗುತ್ತದೆ, ಎಷ್ಟೋ ಸಲ ಕಾಟ ಮಾತ್ರ ಉಳಿಯುತ್ತದೆ. ಯಾಕೆ ಹೀಗೆ?

ಈ ಸೆನ್ಸರ್ ಕೂತಿರುವುದು ಹೊಗೆ ಹೊರಗೆ ಹೋಗುವ ಪೈಪಿನಲ್ಲಿ. ಬಾಷ್ ಕಂಪನಿ ಮಾಡಿದ ಈ ಸೆನ್ಸರ್ ಮೊದಲು ಬಂದದ್ದು 1976ರಲ್ಲಿ, ಅಮೆರಿಕಕ್ಕೆ ಹೋಗುತ್ತಿದ್ದ ವೋಲ್ವೋ ಕಾರುಗಳಲ್ಲಿ. ಸೀಸ ಬೆರೆತ ಪೆಟ್ರೋಲ್ ಇದಕ್ಕೆ ವಿಷ. ನಮ್ಮ ದೇಶದಲ್ಲಿ 2000ದ ಫೆಬ್ರುವರಿಯಿಂದ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲೇ ಬಂತು. ಕಾರ್ಬುರೇಟರ್ ಮರೆಯಾಗಿ, ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್ಐ ಎಂಜಿನ್‌ಗಳು ನಮ್ಮ ಬೀದಿಗಳಲ್ಲಿ ತುಂಬಿಕೊಂಡದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ.

ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಗಾಳಿ ಜಾಸ್ತಿಯಾದರೆ ಹೊಗೆಯಲ್ಲಿ ಆಕ್ಸಿಜನ್ ಉಳಿಯುತ್ತದೆ, ಆಗ ಸೆನ್ಸರ್ ಸುಮಾರು 0.1 ವೋಲ್ಟ್ ತೋರಿಸುತ್ತದೆ. ಪೆಟ್ರೋಲ್ ಜಾಸ್ತಿಯಾದರೆ 0.9ರ ಹತ್ತಿರ ಏರುತ್ತದೆ. ಎಂಜಿನ್ನಿನ ಕಂಪ್ಯೂಟರ್ ಇದನ್ನು ನೋಡಿಕೊಂಡು ಪೆಟ್ರೋಲ್ ಏರಿಸುತ್ತ ಇಳಿಸುತ್ತ ಇರುತ್ತದೆ. ಆದರೆ ಸೆನ್ಸರ್ ಸುಮಾರು 300 ಡಿಗ್ರಿ ಕಾಯುವವರೆಗೆ ಅದರ ಲೆಕ್ಕ ಸಿಗುವುದಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಸೆನ್ಸರ್ ನೋಡುವುದು ಉರಿದು ಮುಗಿದದ್ದನ್ನು. ನೀವು ಪೆಡಲ್ ಒತ್ತಿದ ಕ್ಷಣಕ್ಕೆ ಎಷ್ಟು ಪೆಟ್ರೋಲ್ ಬೇಕು ಎಂದು ಹೇಳುವುದು ಬೇರೆಯವರು: ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್, ಒಳಗೆ ಬರುವ ಗಾಳಿಯ ಲೆಕ್ಕ ಇಡುವ ಸೆನ್ಸರ್. ಹಾಗಾಗಿ ಒತ್ತಿದ ಕೂಡಲೇ ತಡವರಿಸುವ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಆಕ್ಸಿಜನ್ ಸೆನ್ಸರ್ ಮೇಲೆ ಹೋಗುವುದಿಲ್ಲ. ಗಟ್ಟಿಯಾಗಿ ಬಿರಿದ ರಬ್ಬರ್ ಪೈಪು, ಮಸಿ ಹಿಡಿದ ಥ್ರಾಟಲ್ ಬಾಡಿ, ಸವೆದ ಪ್ಲಗ್, ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್, ಇವುಗಳ ಮೇಲೆ ಹೋಗುತ್ತದೆ.

ಸ್ಕ್ಯಾನರ್ ಸುಳ್ಳು ಹೇಳಿತೇ ಹಾಗಾದರೆ? ಇಲ್ಲ, ನಾವು ಅದನ್ನು ಓದುವ ರೀತಿ ತಪ್ಪು. ಪಿ0171 ಎಂಬ ಕೋಡ್ ತುಂಬಾ ಸಲ ಬರುತ್ತದೆ. ಅದರ ಅರ್ಥ 'ಮಿಶ್ರಣ ಲೀನ್ ಆಗಿದೆ' ಎಂದು, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ. ಸೆನ್ಸರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಆಗ ಸೆನ್ಸರ್ ಬದಲಿಸುವುದು ಬಾವಿ ಬತ್ತಿದೆ ಅಂತ ಕೊಡ ಬದಲಿಸಿದ ಹಾಗೆ.

ಇನ್ನೂ ಒಂದು ತಮಾಷೆ ಇದೆ. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಅನ್ನಿ. ಅದರಲ್ಲಿ ಪೆಟ್ರೋಲೂ ಉರಿಯಲಿಲ್ಲ, ಗಾಳಿಯೂ ಖರ್ಚಾಗಲಿಲ್ಲ. ಆ ಗಾಳಿಯ ಆಕ್ಸಿಜನ್ ನೇರ ಸೆನ್ಸರ್ ಹತ್ತಿರ ಬರುತ್ತದೆ. ಸೆನ್ಸರ್ 'ಲೀನ್' ಅನ್ನುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ, ಹೊಗೆ ವಾಸನೆ ಬರುತ್ತದೆ. ಇಷ್ಟಕ್ಕೂ ಕೆಟ್ಟದ್ದು ಒಂದು ಪ್ಲಗ್! ಸೆನ್ಸರ್‌ಗಿಂತ ಮುಂಚೆ ಹೊಗೆ ಪೈಪಿನ ಗ್ಯಾಸ್ಕೆಟ್ ಸೀಳಿದ್ದರೂ ಹೊರಗಿನ ಗಾಳಿ ಒಳಗೆ ಎಳೆದು ಇದೇ ಎಡವಟ್ಟು.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮಾತ್ರ ತಡವರಿಸುತ್ತದೆಯೇ? ಆಗ ಪೆಟ್ರೋಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥನಾಲ್‌ನೊಳಗೇ ಆಕ್ಸಿಜನ್ ಇದೆ. ಹಳೆಯ ಎಂಜಿನ್ನಿನ ಲೆಕ್ಕ ಇಷ್ಟೊಂದು ಎಥನಾಲಿಗೆ ಮಾಡಿದ್ದಲ್ಲ, ಹಾಗಾಗಿ ಮಿಶ್ರಣ ಸ್ವಲ್ಪ ಲೀನ್ ಆಗುತ್ತದೆ. ಸೆನ್ಸರ್ ಕಾದ ಮೇಲೆ ಕಂಪ್ಯೂಟರ್ ಸರಿಮಾಡಿಕೊಳ್ಳುತ್ತದೆ. ಕಾಯುವ ಮುಂಚೆ ಪೂರ್ತಿ ಆಗುವುದಿಲ್ಲ. ಸೆನ್ಸರನ್ನು ಬೇಗ ಕಾಯಿಸಲು ಅದರೊಳಗೇ ಇರುವ ಹೀಟರ್ ಸುಟ್ಟಿದ್ದರೆ ಈ ಪರದಾಟ ಇನ್ನೂ ಹೊತ್ತು. ಮಲ್ಟಿಮೀಟರ್‌ನಿಂದ ಹೀಟರ್ ವೈರುಗಳ ನಡುವೆ ಅಳೆದರೆ ಸಾಮಾನ್ಯವಾಗಿ 5ರಿಂದ 15 ಓಮ್ ಸಿಗಬೇಕು. ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ, ಆಗ ಹೊಸ ಸೆನ್ಸರ್ ಹಾಕಲೇಬೇಕು.

ಸೆನ್ಸರನ್ನೇ ಪರೀಕ್ಷಿಸುವುದೂ ಕಷ್ಟವಲ್ಲ. ಎಂಜಿನ್ ಚೆನ್ನಾಗಿ ಕಾದಿರಲಿ, 2000 ಆರ್‌ಪಿಎಂ ಹತ್ತಿರ ಓಡುತ್ತಿರಲಿ. ಸಿಗ್ನಲ್ ವೈರಿನಲ್ಲಿ ವೋಲ್ಟ್ 0.2ಕ್ಕೂ 0.8ಕ್ಕೂ ನಡುವೆ ಬೇಗ ಬೇಗ ಏರಿಳಿಯಬೇಕು. ಒಂದೇ ಕಡೆ ನಿಂತಿದೆಯೇ? ಅವಸರ ಬೇಡ. ಒಂದು ಸಣ್ಣ ವ್ಯಾಕ್ಯೂಮ್ ಪೈಪು, ಅಂದರೆ ಎಂಜಿನ್ ಗಾಳಿ ಎಳೆಯುವ ಕಡೆಯ ರಬ್ಬರ್ ಪೈಪು, ಕಿತ್ತು ನೋಡಿ, ವೋಲ್ಟ್ ಇಳಿಯಬೇಕು. ಪೈಪು ಮತ್ತೆ ಹಾಕಿ ಆಕ್ಸಿಲರೇಟರ್ ಒಮ್ಮೆ ಗಟ್ಟಿಯಾಗಿ ಒತ್ತಿ, 0.8ರ ಮೇಲೆ ಜಿಗಿಯಬೇಕು. ಎರಡಕ್ಕೂ ಅಲುಗಾಡದಿದ್ದರೆ, ಅಥವಾ ತೂಕಡಿಸುತ್ತ ಅಲುಗಾಡಿದರೆ, ಆಗ ಅದರ ಆಯಸ್ಸು ಮುಗಿದಿದೆ ಅನ್ನಬಹುದು. ಹೀಟರ್ ಇರುವ ಸೆನ್ಸರ್ ಒಂದು ಲಕ್ಷ ಕಿಲೋಮೀಟರ್ ದಾಟಿದ್ದರೆ ಅದೇನೂ ಆಶ್ಚರ್ಯವಲ್ಲ. ಇದೆಲ್ಲ ಎಂಜಿನ್ ಕಡೆ ಇರುವ ಮೊದಲ ಸೆನ್ಸರ್ ಮಾತು. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆದಮೇಲೆ ಎರಡನೆಯದು ಇದ್ದರೆ, ಅದು ಕನ್ವರ್ಟರಿನ ಕಾವಲಿಗೆ. ಪಿಕಪ್ ಇಲ್ಲ ಅಂತ ಅದನ್ನು ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಬದಲಿಸುವಾಗ ಜಾಗ್ರತೆ ಬೇಕಾದದ್ದು ಬಿಚ್ಚುವುದರಲ್ಲಿ. ವರ್ಷಗಟ್ಟಲೆ ಬೆಂಕಿಯಲ್ಲಿ ಕೂತ ಥ್ರೆಡ್ ಅದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಪೈಪು ಕೈಗೆ ಬಿಸಿ ತಾಗುವಷ್ಟು ಬೆಚ್ಚಗಿರುವಾಗ 22 ಎಂಎಂ ಸ್ಪ್ಯಾನರ್ ಹಾಕಿ. ವೈರ್ ಹೊರಗೆ ಬರಲು ಸೀಳು ಇರುವ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯದು ಹೊರಗೆ ಬಂದ ಮೇಲೆ ಎಸೆಯಬೇಡಿ, ತುದಿ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬಿಳಿ ಹುಡಿ ಇದ್ದರೆ ಸಿಲಿಕಾನ್ ಗಮ್ಮೋ, ಎಂಜಿನ್ ಒಳಗೆ ಸೋರಿದ ಕೂಲೆಂಟೋ (ಎಂಜಿನ್ ತಣಿಸುವ ದ್ರವ) ಅದನ್ನು ಕೊಂದಿರಬಹುದು. ಆ ಸೋರಿಕೆ ನಿಲ್ಲಿಸದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲ ಗಾಡಿಗೂ ಆಗುತ್ತದೆ ಎನ್ನುವ ಸೆನ್ಸರ್ ಕಡಿಮೆ ಬೆಲೆಗೆ ಸಿಗಬಹುದು. ಅದಕ್ಕೆ ವೈರ್ ನಾವೇ ಸೇರಿಸಬೇಕು. ಬೆಸುಗೆ ಹಾಕಬೇಡಿ, ಒತ್ತಿ ಕೂರಿಸುವ ಜೋಡಣೆಯೇ ಇರಲಿ. ತುಂಬಾ ಸೆನ್ಸರ್‌ಗಳು ಹೋಲಿಸಿ ನೋಡಲು ಬೇಕಾದ ಹೊರಗಿನ ಗಾಳಿಯನ್ನು ಆ ವೈರಿನ ಒಳಗಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಆ ದಾರಿ ಮುಚ್ಚುತ್ತದೆ. ಕನೆಕ್ಟರಿಗೆ ಗ್ರೀಸ್ ಮೆತ್ತುವುದೂ ಬೇಡ, ಅದೇ ಕಾರಣ.

ಹಾಕಿದ ಮೇಲೆ ಸ್ಕ್ಯಾನರ್‌ನಿಂದ ಹಳೆಯ ಕೋಡ್ ಅಳಿಸಿ, ಕಂಪ್ಯೂಟರ್ ಕಲಿತಿಟ್ಟ ಹಳೆಯ ಲೆಕ್ಕವನ್ನೂ ಅಳಿಸಿ. ಆಮೇಲೆ ಊರಲ್ಲೂ ಹೈವೇಯಲ್ಲೂ ಸ್ವಲ್ಪ ಓಡಿಸಿ. ಅದೇ ಕೋಡ್ ಮತ್ತೆ ಬಂದರೆ ಮೆಕ್ಯಾನಿಕ್ ಹತ್ತಿರ ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಒತ್ತಡ ಅಳೆಸಿ.

ನಮಸ್ಕಾರ.