ಕಲ್ಕತ್ತ ಬಿಟ್ಟ ಕವಿ: ಪ್ರೀತೀಶ್ ನಂದಿ

ಎಲ್ಲರಿಗೂ ನಮಸ್ಕಾರ. ಸಿನಿಮಾ ಶುರುವಾಗುವ ಮೊದಲು ಹತ್ತು ನಿಮಿಷ ಮಾತಾಡಿ ಅಂದಿದ್ದಾರೆ. ನಿರ್ದೇಶಕರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ದುಡ್ಡು ಹಾಕಿದವರ ಬಗ್ಗೆ ಹೇಳುತ್ತೇನೆ.

ನಮ್ಮ ಮನೆಗೆ 'ಇಲ್ಲಸ್ಟ್ರೇಟೆಡ್ ವೀಕ್ಲಿ' ಅನ್ನುವ ಇಂಗ್ಲಿಷ್ ವಾರಪತ್ರಿಕೆ ಬರುತ್ತಿದ್ದದ್ದು ರದ್ದಿ ಅಂಗಡಿಯಿಂದ. ಅಪ್ಪ ತೂಕಕ್ಕೆ ತರುತ್ತಿದ್ದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಮಾರಿಯೊ ಮಿರಾಂಡಾ ವ್ಯಂಗ್ಯಚಿತ್ರ ಹುಡುಕಿಕೊಂಡು ಪುಟ ತಿರುವುತ್ತಿದ್ದೆ. ಒಂದು ಸಲ ತಂದ ಕಟ್ಟಿನಲ್ಲಿ ಪತ್ರಿಕೆಯ ಮುಖವೇ ಬೇರೆಯಾಗಿತ್ತು. ಶೀರ್ಷಿಕೆಗಳು ಜಗಳಕ್ಕೆ ನಿಂತ ಹಾಗಿದ್ದವು. "ಯಾರೋ ಬಂಗಾಳಿ ಕವಿಯಂತೆ, ಈಗ ಸಂಪಾದಕ" ಅಂದರು ಅಪ್ಪ. ಆ ಕವಿಯೇ ಪ್ರೀತೀಶ್ ನಂದಿ.

ಹುಟ್ಟಿದ್ದು 1951ರ ಜನವರಿ 15ರಂದು, ಬಿಹಾರದ ಭಾಗಲ್ಪುರದಲ್ಲಿ. ಬಂಗಾಳಿ ಕಾದಂಬರಿಕಾರ ಶರಚ್ಚಂದ್ರರು ಬಾಲ್ಯ ಕಳೆದ ಊರು ಅದು. ಸಮಾಜಚಿಂತಕ ಆಶಿಶ್ ನಂದಿ ಇವರ ಅಣ್ಣ. ಬೆಳೆದದ್ದು, ಲಾ ಮಾರ್ಟಿನಿಯರ್ ಶಾಲೆಯಲ್ಲಿ ಓದಿದ್ದು ಕಲ್ಕತ್ತದಲ್ಲಿ. 1967ರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲೇ, ಇಂಗ್ಲಿಷ್ ಕವನಗಳ ಮೊದಲ ಸಂಕಲನ ಬಂತು. ಪ್ರಕಟಿಸಿದ್ದು ಪಿ. ಲಾಲ್ ಅವರ ರೈಟರ್ಸ್ ವರ್ಕ್‌ಶಾಪ್. ಪುಸ್ತಕಕ್ಕೆ ಕೈಮಗ್ಗದ ಸೀರೆಬಟ್ಟೆಯ ರಟ್ಟು ಕಟ್ಟುತ್ತಿದ್ದ ಪ್ರಕಾಶನ ಅದು.

ಆಗಿನ ಕಲ್ಕತ್ತ ಹೇಗಿತ್ತು ಅನ್ನುವುದನ್ನು ಸ್ವಲ್ಪ ನೆನೆಯಬೇಕು. ಕಾಲೇಜು ಬಿಟ್ಟು ಬಂದೂಕು ಹಿಡಿದ ನಕ್ಸಲ್ ಹುಡುಗರು, ಅವರ ಬೆನ್ನಟ್ಟಿದ ಪೊಲೀಸರು, 1971ರಲ್ಲಿ ಗಡಿ ದಾಟಿ ಬಂದ ನಿರಾಶ್ರಿತರು. ನಂದಿ ಅವರ ಅತಿ ಹೆಸರಾದ ಪದ್ಯ ಆ ನಗರದ ಜೊತೆಗೇ ಮಾತಾಡುತ್ತದೆ: ನೀನು ನನ್ನನ್ನು ಗಡೀಪಾರು ಮಾಡಲೇಬೇಕೆಂದಿದ್ದರೆ, ಕಲ್ಕತ್ತವೇ, ಅಂತ. 1977ರಲ್ಲಿ, ಇಪ್ಪತ್ತಾರಕ್ಕೇ ಪದ್ಮಶ್ರೀ ಬಂತು. ಆಮೇಲೆ ನೋಡಿ, ಯಾರೂ ಗಡೀಪಾರು ಮಾಡದೆಯೇ ಬೊಂಬಾಯಿಗೆ ಹೊರಟರು.

ಬೊಂಬಾಯಿಯ 'ವೀಕ್ಲಿ'ಯ ಸಂಪಾದಕರ ಕುರ್ಚಿಯಲ್ಲಿ ಇವರಿಗಿಂತ ಮೊದಲು ಖುಷವಂತ್ ಸಿಂಗ್ ಕೂತಿದ್ದರು, ನಮ್ಮ ಉಡುಪಿಯ ಎಂ.ವಿ. ಕಾಮತರು ಕೂತಿದ್ದರು. ನಂದಿ ಕೂತದ್ದು 1983ರಿಂದ 1991ರವರೆಗೆ. ಮನೆಮನೆಗೆ ಬಣ್ಣದ ಟಿ.ವಿ. ಬರುತ್ತಿದ್ದ ಕಾಲ. ಚಂದದ ಫೋಟೊ ತೋರಿಸಿ ಓದುಗರನ್ನು ಹಿಡಿದಿಡಲು ಇನ್ನು ಸಾಧ್ಯವಿರಲಿಲ್ಲ. ಅವರು ದನಿ ಏರಿಸಿದರು. ಕೆಲವೊಮ್ಮೆ ಅತಿಯಾಗಿಯೇ. ಒಬ್ಬ ನಟಿ ತನ್ನ ಮಗುವಿನ ಜನನ ಪ್ರಮಾಣಪತ್ರವನ್ನು ಇವರು ಕದ್ದು ತರಿಸಿ ಬಯಲಿಗೆಳೆದರು ಎಂದು ಎಷ್ಟೋ ವರ್ಷಗಳ ನಂತರವೂ ಸಿಟ್ಟಿನಿಂದ ಹೇಳಿದರು. ಆ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ.

ಆದರೆ ಇದೇ ಮನುಷ್ಯ 1985ರಲ್ಲಿ ಕಿಶೋರ್ ಕುಮಾರ್ ಸಂದರ್ಶನ ಮಾಡಿದ್ದಾರೆ. ಪತ್ರಿಕೋದ್ಯಮದ ಹುಡುಗರಿಗೆ ನಾನು ಮತ್ತೆ ಮತ್ತೆ ಓದಿಸುವ ಸಂದರ್ಶನ ಅದು. ಪ್ರಶ್ನೆಗಳು ಒಂದೊಂದು ಸಾಲು. ಜಾಣತನ ತೋರಿಸುವ ಆಸೆಯೇ ಇಲ್ಲ. ಕಿಶೋರ್ ತನ್ನ ತೋಟದ ಮರಗಳನ್ನು ಹೆಸರು ಹಿಡಿದು ಪರಿಚಯಿಸುತ್ತಾರೆ, ಅವೇ ತನ್ನ ಗೆಳೆಯರು ಅಂತ. ಈ ಊರಿನಲ್ಲಿ ಸಾಯಲಾರೆ, ಹುಟ್ಟೂರು ಖಂಡ್ವಾಕ್ಕೆ ವಾಪಸ್ ಹೋಗುತ್ತೇನೆ ಅನ್ನುತ್ತಾರೆ. ಎರಡು ವರ್ಷಕ್ಕೆ ಬೊಂಬಾಯಿಯಲ್ಲೇ ತೀರಿಕೊಂಡರು. ಖಂಡ್ವಾಕ್ಕೆ ಹೋದದ್ದು ದೇಹ ಮಾತ್ರ. ಊರು ಬಿಟ್ಟ ಒಬ್ಬ ಬಂಗಾಳಿ, ಊರು ಬಿಟ್ಟ ಇನ್ನೊಬ್ಬ ಬಂಗಾಳಿಯ ಮುಂದೆ ಕೂತು ಸುಮ್ಮನೆ ಕೇಳಿಸಿಕೊಂಡದ್ದು ಅಂತ ಅದನ್ನು ನಾನು ಓದುತ್ತೇನೆ.

1993ರಲ್ಲಿ 'ವೀಕ್ಲಿ' ಮುಚ್ಚಿತು. ಅದೇ ವರ್ಷ ನಂದಿ ತಮ್ಮ ಹೆಸರಿನಲ್ಲೇ ಪ್ರೀತೀಶ್ ನಂದಿ ಕಮ್ಯುನಿಕೇಷನ್ಸ್ ಕಂಪನಿ ತೆರೆದರು. ಮೊದಲು ಟಿ.ವಿ. ಕಾರ್ಯಕ್ರಮ, ಆಮೇಲೆ ಸಿನಿಮಾ. ಶಿವಸೇನೆಯಿಂದ ರಾಜ್ಯಸಭೆಗೂ ಹೋದರು, 1998ರಿಂದ 2004ರವರೆಗೆ. ಕಲ್ಕತ್ತದ ಕವಿಗೂ ಶಿವಸೇನೆಗೂ ಎತ್ತಣಿಂದೆತ್ತ ಸಂಬಂಧ ಅನ್ನಿಸುತ್ತದೆ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

1998ರಲ್ಲೇ ಕೇಂದ್ರ ಸರ್ಕಾರ ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಕೊಟ್ಟದ್ದು. ಅದಕ್ಕೂ ಮೊದಲು ಬ್ಯಾಂಕುಗಳು ನಿರ್ಮಾಪಕರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಫೈನಾನ್ಷಿಯರ್ ಹತ್ತಿರ ಮೀಟರ್ ಬಡ್ಡಿಗೆ ದುಡ್ಡೆತ್ತಬೇಕು, ಮುಕ್ಕಾಲು ಶೂಟಿಂಗ್ ಆದಮೇಲೆ ಡಬ್ಬದಲ್ಲೇ ಕೊಳೆತ ಸಿನಿಮಾಗಳು ಲೆಕ್ಕವಿಲ್ಲ. ನಂದಿ ಷೇರು ಪೇಟೆಗೆ ಹೋದ ಕಂಪನಿಯ ಲೆಕ್ಕಪತ್ರ ಇಟ್ಟುಕೊಂಡು ಸಿನಿಮಾ ಮಾಡಲು ಹೊರಟರು. 2002ರ 'ಕಾಂಟೆ'ಯಲ್ಲಿ ಅಮಿತಾಭ್, ಸಂಜಯ್ ದತ್ ಅವರಂಥ ದೊಡ್ಡ ನಟರ ದಂಡೇ ಇತ್ತು. ಮರುವರ್ಷ ಸುಜಯ್ ಘೋಷ್ ಅನ್ನುವ ಹೊಸಬರಿಗೆ 'ಝಂಕಾರ್ ಬೀಟ್ಸ್'. ಒಂದೇ ಗಲ್ಲಾಪೆಟ್ಟಿಗೆಯಿಂದ ಎರಡು ಥರದ ಜೂಜು.

ಇವತ್ತಿನ ಸಿನಿಮಾ ಮೂರನೆಯ ಥರದ್ದು. ಸುಧೀರ್ ಮಿಶ್ರಾ ಅವರ 'ಹಜಾರೋಂ ಖ್ವಾಹಿಶೇಂ ಐಸಿ', ತೆರೆಗೆ ಬಂದದ್ದು 2005ರಲ್ಲಿ. ದೆಹಲಿಯ ಕಾಲೇಜಿನ ಮೂವರು, ತುರ್ತು ಪರಿಸ್ಥಿತಿ, ಕ್ರಾಂತಿ ಮಾಡಲು ಬಿಹಾರದ ಹಳ್ಳಿಗೆ ಹೊರಡುವ ಒಬ್ಬ ಹುಡುಗ. ಇಪ್ಪತ್ತರ ವಯಸ್ಸಿನಲ್ಲಿ ತನ್ನ ಊರಿನ ಬೀದಿಗಳಲ್ಲಿ ಇಂಥ ಹುಡುಗರನ್ನು ಕಂಡಿದ್ದ ಕವಿ ಐವತ್ತು ದಾಟಿದ ಮೇಲೆ, ಹುಟ್ಟಿದ ಬಿಹಾರದಲ್ಲಿ ನಡೆಯುವ ಈ ಕಥೆಗೆ ಚೆಕ್ ಬರೆದರು. ಷೇರುದಾರರು ಇದನ್ನು ಕೇಳಿರಲಿಕ್ಕಿಲ್ಲ.

2025ರ ಜನವರಿ 8ರಂದು ಮುಂಬಯಿಯಲ್ಲಿ ತೀರಿಕೊಂಡರು. ಎಪ್ಪತ್ನಾಲ್ಕು ತುಂಬಲು ಒಂದು ವಾರವಿತ್ತು.

ಸಾಕು, ದೀಪ ಆರಿಸುತ್ತಿದ್ದಾರೆ. ನಿರ್ಮಾಪಕರ ಹೆಸರು ಬರುವಾಗ ಫೋನ್ ನೋಡುವುದು ನಮ್ಮೆಲ್ಲರ ಅಭ್ಯಾಸ. ಇವತ್ತೊಂದು ದಿನ ಬಿಡಿ.