ಕೆರೆ ಏರಿ ಮೇಲೆ ಸಿಕ್ಕ ಗುರು

ಕೇಳುಗರಿಗೆಲ್ಲ ನಮಸ್ಕಾರ. ನಾನು ಮೈಸೂರಿನ ಮಾನಸಗಂಗೋತ್ರೀಲಿ ಎಂಎ ಮುಗಿಸಿ ಅಲ್ಲೇ ಪಿಎಚ್‌ಡಿನೂ ಮಾಡಿದವಳು. ಮೈಸೂರು ಯೂನಿವರ್ಸಿಟಿ ಶುರುವಾಗಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆದ್ರೆ ಗಂಗೋತ್ರಿ ಕ್ಯಾಂಪಸ್ಸು ಆಮೇಲಿಂದು, ಅದಕ್ಕೆ ಆ ಚಂದದ ಹೆಸರಿಟ್ಟಿದ್ದು ಕುವೆಂಪು. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಬೆಳಗ್ಗೆ ಆದ್ರೆ ಸಾಕು ಊರಿನ ಜನ ಎಲ್ಲ ಏರಿ ಮೇಲೆ ವಾಕಿಂಗು, ನಾವು ಹಾಸ್ಟೆಲ್‌ನವರೂ ಅವರ ಜೊತೆಗೇ.

ನನ್ನ ವಿಷಯ ಕೆರೆಗಳ ಶಾಸನ. ಲೈಬ್ರರೀಲಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ನಮ್ಮ ನಾಡಿನ ಶಾಸನಗಳನ್ನ ಸೇರಿಸಿರೋ ದಪ್ಪ ಸಂಪುಟಗಳನ್ನ ಹರಡ್ಕೊಂಡು ಕೂತ್ರೆ ಸಂಜೆ ಆಗಿದ್ದೇ ಗೊತ್ತಾಗ್ತಿರ್ಲಿಲ್ಲ. ಅದರಲ್ಲಿ ಬಿತ್ತುವಟ್ಟ ಅಂತೊಂದು ಪದ ಮತ್ತೆ ಮತ್ತೆ ಬರುತ್ತೆ, ಕೆರೆ ನೋಡ್ಕೊಳ್ಳೋಕೆ ಅಂತ ಬಿಟ್ಟ ದತ್ತಿ ಅಂತ ಅರ್ಥ, ಅದು ನಿಘಂಟಲ್ಲೇ ಸಿಗುತ್ತೆ, ಆದ್ರೆ ಹಾಗೆ ನೋಡ್ಕೊಳ್ಳೋದು ಅಂದ್ರೆ ದಿನಾ ಏನ್ ಮಾಡ್ತಿದ್ರು, ಯಾರು ಮಾಡ್ತಿದ್ರು ಅನ್ನೋದು ನನಗೆ ಕಣ್ಣಿಗೆ ಕಟ್ತಿರ್ಲಿಲ್ಲ.

ಒಂದಿನ ಏರಿ ಮೇಲಿನ ಬೆಂಚಲ್ಲಿ ಪಕ್ಕದಲ್ಲಿ ಕೂತಿದ್ದ ತಾತ ಏನ್ ಓದ್ತಿದ್ದೀಯವ್ವಾ ಅಂತ ಕೇಳಿದ್ರು, ಹೇಳ್ದೆ. "ನಮ್ಮಪ್ಪನೇ ನೀರಗಂಟಿ ಕಣವ್ವಾ" ಅಂದ್ರು. ನೀರಗಂಟಿ ಅಂದ್ರೆ ಕೆರೆ ನೀರನ್ನ ಗದ್ದೆಗಳಿಗೆ ಬಿಡೋನು. ಚಳಿಗಾಲದ ಬೆಳಗಿನ ಜಾವ ಅವರಪ್ಪ ಸೊಂಟಕ್ಕೆ ಪಂಚೆ ಬಿಗಿದು ಕೆರೆಗೆ ಇಳಿದು, ಉಸಿರು ಹಿಡ್ಕೊಂಡು ಮುಳುಗಿ ತೂಬು, ಅಂದ್ರೆ ಕೆರೆ ನೀರು ಹೊರಗೆ ಬಿಡೋ ಕಿಂಡಿ, ಅದರ ಮುಚ್ಚಳ ಎತ್ತೋರಂತೆ, ಎಷ್ಟು ಎತ್ತಿದ್ರೆ ಯಾವ ಗದ್ದೆವರೆಗೂ ನೀರು ಹೋಗುತ್ತೆ ಅನ್ನೋದು ಕೈಗೇ ಗೊತ್ತಿತ್ತಂತೆ. ಕುಯ್ಲಾದ್ಮೇಲೆ ಕಣಕ್ಕೆ ಹೋದ್ರೆ ಒಬ್ಬೊಬ್ಬ ರೈತನೂ ಒಂದು ಹೊರೆ ಭತ್ತ ಕೊಡ್ಬೇಕು, ಅದೇ ಸಂಬಳ. "ಕೆಲವರು ಕೈಗೆ ಕೊಡ್ತಿರ್ಲಿಲ್ಲ, ನೆಲಕ್ಕೆ ಹಾಕೋರು" ಅಂದು ತಾತ ಸುಮ್ಮನಾದ್ರು. ಶಾಸನದ ಕಲ್ಲಲ್ಲಿ ಈ ಮಾತು ಎಲ್ಲಿ ಕೆತ್ತಿರ್ತಾರೆ ಹೇಳಿ? ಆವತ್ತು ರಾತ್ರಿ ನನ್ನ ಮೂರನೇ ಅಧ್ಯಾಯ ಪೂರ್ತಿ ಹರಿದು ಹಾಕಿ ಮತ್ತೆ ಬರೆಯೋಕೆ ಕೂತೆ.

ಊರು ಮತ್ತೆ ಯೂನಿವರ್ಸಿಟಿ ಹೀಗೆ ಒಂದರೊಳಗೊಂದು ಬೆರೆಯೋದು ಮೈಸೂರಿಗೆ ಹಳೇ ಅಭ್ಯಾಸ. ನೀವೀಗ ಕೇಳ್ತಿರೋ ರೇಡಿಯೋನೇ ನೋಡಿ, 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ. ಮೇಷ್ಟ್ರುಗಳು ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಟ್ಟು, ಅದನ್ನ ಸಣ್ಣ ಸಣ್ಣ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಜನರ ಕೈಗೆ ಕೊಟ್ಟಿದ್ದೂ ಇದೇ ಯೂನಿವರ್ಸಿಟಿ. ನನಗಂತೂ ಅದು ಬಹಳ ದೊಡ್ಡ ಕೆಲಸ ಅನ್ಸುತ್ತೆ, ಈಗಿನ ಹುಡುಗ್ರೂ ಅದನ್ನ ಮುಂದುವರಿಸ್ಬೇಕು.

ನನ್ನ ಪಿಎಚ್‌ಡಿಯ ವೈವಾ, ಅಂದ್ರೆ ಕೊನೇ ಮೌಖಿಕ ಪರೀಕ್ಷೆ ದಿನ ತಾತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡು ಬಂದು ಹಿಂದಿನ ಸಾಲಲ್ಲಿ ಕೂತಿದ್ರು. ಎಲ್ಲಾ ಮುಗಿದ್ಮೇಲೆ ಹತ್ತಿರ ಬಂದು, ಇಷ್ಟೆಲ್ಲಾ ಬರ್ದೆಯಲ್ಲವ್ವಾ, ನಮ್ಮೂರ ತೂಬು ನೋಡಿದ್ದೀಯಾ ಅಂದ್ರು. ಮುಂದಿನ ಭಾನುವಾರವೇ ಇಬ್ರೂ ಬಸ್ ಹತ್ತಿದ್ವಿ. ತೂಬಿನ ಕಲ್ಲುಕಂಬ ಹಾಗೇ ನಿಂತಿತ್ತು, ಸುತ್ತ ಮೊಣಕಾಲುದ್ದ ಹೂಳು. ತಾತ ಚಪ್ಪಲಿ ಬಿಟ್ಟು ಅದರೊಳಗೇ ನಡ್ಕೊಂಡು ಹೋಗಿ ಕಂಬ ಹಿಡ್ಕೊಂಡು ನಿಂತ್ರು.