ಬೇಸಿಗೆ ಕೈತೋಟಕ್ಕೆ ಬಕೆಟ್ ಲೆಕ್ಕ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ಏಪ್ರಿಲ್ ಬಿಸಿಲಲ್ಲಿ ಟೆರೇಸಿನ ಮೇಲೆ ಟೊಮೆಟೊ ಬೆಳೆದೇ ತೀರುತ್ತೇನೆ ಅಂತ ಹಟ ಹಿಡಿದವರ ಜೊತೆ.

ಮಾರ್ಚ್ ಬಂತು ಅಂದರೆ ಬೆಂಗಳೂರಿನ ನರ್ಸರಿಗಳಿಗೆ ಒಳ್ಳೆ ವ್ಯಾಪಾರ. ಭಾನುವಾರ ಬೆಳಗ್ಗೆ ಹೋಗಿ ನೋಡಿ. ಟೊಮೆಟೊ, ದಪ್ಪ ಮೆಣಸಿನಕಾಯಿ, ಹೂಕೋಸು, ಎಲ್ಲ ಸಸಿಯೂ ಟ್ರೇಗಟ್ಟಲೆ ಕಾರು ಹತ್ತುತ್ತವೆ. ಜೊತೆಗೆ ಕಪ್ಪು ಗ್ರೋ ಬ್ಯಾಗಿನ ಕಟ್ಟು, ಕೋಕೋಪೀಟ್ ಇಟ್ಟಿಗೆ, ಬಣ್ಣದ ಸ್ಪ್ರೇ ಬಾಟಲಿ. ಮೇ ಹೊತ್ತಿಗೆ ಗಿಡ ಸೊರಗಿ ನಿಂತಿರುತ್ತದೆ. ಆಗ ಎಲ್ಲರದ್ದೂ ಒಂದೇ ಮಾತು: "ನಮ್ಮ ಕೈಗುಣ ಸರಿ ಇಲ್ಲ ಬಿಡಿ."

ಕೈಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಟೊಮೆಟೊ ಹೂವಿನ ಪರಾಗಕ್ಕೆ ಬಿಸಿ ಆಗಿಬರುವುದಿಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದೆ ಹೋದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಕಾಯಿ ಮಾತ್ರ ಕಚ್ಚುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲೇ 39.2 ಡಿಗ್ರಿ ದಾಖಲಾಗಿತ್ತು. ಅದು ಹವಾಮಾನ ಇಲಾಖೆಯವರು ನೆರಳಲ್ಲಿ ಅಳೆದದ್ದು. ನಿಮ್ಮ ಟೆರೇಸಿನ ಕಾಂಕ್ರೀಟಿನ ಮೇಲೆ ಎಷ್ಟಿರುತ್ತೆ ಅಂತ ಬರಿಗಾಲಲ್ಲಿ ಹೋಗಿ ನಿಂತರೆ ಗೊತ್ತಾಗುತ್ತದೆ.

ಆದರೆ ನನ್ನ ತಕರಾರು ಟೊಮೆಟೊ ಮೇಲಲ್ಲ, ನೀರಿನ ಮೇಲೆ.

2024ರ ಮಾರ್ಚ್ ನೆನಪಿದೆಯಲ್ಲ? ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ತಿಂಗಳು. ಆಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಗಳಿಗೆ ಹಾಕಲು ಬಳಸಬಾರದು ಅಂತ ಆದೇಶ ಮಾಡಿತು. ತಪ್ಪಿದರೆ 5,000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲೂ ಅಂಥದ್ದೇ ಆದೇಶ ಬಂತು. ತುಂಬಾ ಜನ ಕೈತೋಟದವರು ಇದಕ್ಕೆ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಆ ಆದೇಶ ಸರಿ ಅನ್ನಿಸಿತು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಪಂಪ್ ಆಗಿ, ಗುಡ್ಡ ಹತ್ತಿ, ನೂರು ಕಿಲೋಮೀಟರಿನಷ್ಟು ದೂರ ಬರಬೇಕು. ಅಷ್ಟು ಕರೆಂಟು ಸುಟ್ಟು ತಂದ ನೀರನ್ನು ಕಾಯಿ ಬಿಡದ ಟೊಮೆಟೊ ಬುಡಕ್ಕೆ ಸುರಿಯುವುದು ಯಾವ ನ್ಯಾಯ?

ಹಾಗಾದರೆ ಕೈತೋಟ ಬೇಡವಾ? ಬೇಕು. ಅದರ ಅಳತೆ ಬೇರೆ ಆಗಬೇಕು, ಅಷ್ಟೇ. ಎಷ್ಟು ಜಾಗ ಇದೆ, ಎಷ್ಟು ಕುಂಡ ಇದೆ ಅಂತ ನೋಡಬೇಡಿ. ನಿಮ್ಮ ಅಡುಗೆಮನೆಯಿಂದ ದಿನಕ್ಕೆ ಎಷ್ಟು ಬಕೆಟ್ ನೀರು ಹೊರಗೆ ಹೋಗುತ್ತದೆ ಅಂತ ನೋಡಿ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ತರಕಾರಿ ತೊಳೆದದ್ದು. ಇದನ್ನೆಲ್ಲ ಸಿಂಕಿಗೆ ಬಿಡದೆ ಒಂದು ಬಕೆಟ್ಟಿಗೆ ಹಿಡಿಯಿರಿ. ಹಳೇ ಮೈಸೂರು ಕಡೆ ಕಲಗಚ್ಚು ಅಂತ ಇದನ್ನೇ ದನಕ್ಕೆ ಇಡುತ್ತಿದ್ದರು. ಈಗ ದನ ಇಲ್ಲ, ಗಿಡ ಇದೆ. ಒಂದಡಿ ಅಗಲದ ಕುಂಡಕ್ಕೆ ಕಡುಬೇಸಿಗೆಯಲ್ಲಿ ದಿನಕ್ಕೆ ಲೀಟರು, ಒಂದೂವರೆ ಲೀಟರು ಹಿಡಿಯುತ್ತದೆ. ಅಂದರೆ ಹದಿನೈದು ಲೀಟರಿನ ಒಂದು ಬಕೆಟ್ಟಿಗೆ ಹತ್ತು ಕುಂಡ. ಎರಡು ಬಕೆಟ್ ಸಿಕ್ಕರೆ ಇಪ್ಪತ್ತು. ಅದಕ್ಕಿಂತ ಜಾಸ್ತಿ ಇರುವ ಕುಂಡಗಳನ್ನು ಮಳೆ ಬರುವವರೆಗೂ ಖಾಲಿ ಮಾಡಿ ಮೂಲೆಗೆ ಇಡಿ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಉಪ್ಪು ಹಾಕಿ ಬೇಯಿಸಿದ ನೀರು ಬೇಡ, ಸೋಪಿನ ನೀರೂ ಬೇಡ. ಆರ್‌ಒ ಫಿಲ್ಟರಿನಿಂದ ಹೊರಬೀಳುವ ವೇಸ್ಟ್ ನೀರನ್ನು ಕೆಲವರು ಪೂರ್ತಿ ಗಿಡಕ್ಕೇ ಬಿಡುತ್ತಾರೆ. ಅದರಲ್ಲಿ ಲವಣ ಜಾಸ್ತಿ. ಬೇರೆ ನೀರಿನ ಜೊತೆ ಬೆರೆಸಿದರೆ ಪರವಾಗಿಲ್ಲ. ಅದೊಂದನ್ನೇ ಹಾಕುತ್ತಾ ಹೋದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ.

ಇದು ನಾನು ಕಂಡುಹಿಡಿದ ಉಪಾಯ ಏನಲ್ಲ. ಕರಾವಳಿಯ ಹಳೆಯ ಮನೆಗಳಲ್ಲಿ ಬಸಳೆ ಚಪ್ಪರ ಎಲ್ಲಿರುತ್ತೆ ಹೇಳಿ? ಬಾವಿಕಟ್ಟೆ ಪಕ್ಕ, ಇಲ್ಲದಿದ್ದರೆ ಬಚ್ಚಲ ನೀರು ಹರಿದು ಹೋಗುವ ಕಡೆ. ಬಸಳೆಗೆ ಅಂತ ಯಾರೂ ಪ್ರತ್ಯೇಕ ನೀರು ಸೇದುತ್ತಿರಲಿಲ್ಲ. ಮೊದಲು ನೀರು ಎಲ್ಲಿ ಹರಿಯುತ್ತೆ ಅಂತ ನೋಡಿ, ಆಮೇಲೆ ಗಿಡ ಊರುತ್ತಿದ್ದರು. ನಾವು ಮೊದಲು ಗಿಡ ತಂದು, ಆಮೇಲೆ ಪೈಪು ಎಳೆಯುತ್ತೇವೆ.

ಸರಿ, ಆ ಹತ್ತು ಕುಂಡಕ್ಕೆ ಏನು ಹಾಕೋದು? ನನ್ನ ಮೊದಲ ಓಟು ಬಸಳೆಗೆ. ಮಾರುಕಟ್ಟೆಯಿಂದ ಒಂದು ಕಟ್ಟು ತನ್ನಿ, ಎಲೆ ಬಿಡಿಸಿಕೊಂಡು ಅಡುಗೆ ಮಾಡಿ, ದಪ್ಪ ದಂಟನ್ನು ಮಣ್ಣಿಗೆ ಊರಿ. ಬೀಜದ ಖರ್ಚೂ ಇಲ್ಲ. ಎರಡನೆಯದು ಹರಿವೆ, ದಂಟು. ಜೋಳ, ಕಬ್ಬು ಇವೆಯಲ್ಲ, ಹರಿವೆಯೂ ಅದೇ ಜಾತಿಯ ದ್ಯುತಿಸಂಶ್ಲೇಷಣೆ ಮಾಡುವ ಗಿಡ. ವಿಜ್ಞಾನದವರು ಸಿ4 ಅನ್ನುತ್ತಾರೆ. ಬಿಸಿಲು ಏರಿದಷ್ಟೂ ಚುರುಕು, ನೀರಿನಲ್ಲೂ ಉಳಿತಾಯ. ಬಿತ್ತಿ ಒಂದು ತಿಂಗಳೊಳಗೆ ಕೊಯ್ಯಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು.

ಆಮೇಲೆ ಬೆಂಡೆ. ಬೀಜವನ್ನು ರಾತ್ರಿ ನೆನೆಹಾಕಿ ನೇರ ಕುಂಡಕ್ಕೇ ಬಿತ್ತಿ, ಐವತ್ತು ದಿನದ ಆಸುಪಾಸಿನಲ್ಲಿ ಕಾಯಿ ಬರುತ್ತದೆ. ಬೇಸಿಗೆಯಲ್ಲಿ ಬಿಳಿ ನೊಣದ ಕಾಟ ಜಾಸ್ತಿ, ಅದು ಹಳದಿ ನರದ ರೋಗ ಹಚ್ಚುತ್ತದೆ. ಹೆಸರಘಟ್ಟದವರದ್ದೇ ಅರ್ಕಾ ಅನಾಮಿಕ ತಳಿಯನ್ನು ಈ ರೋಗ ತಡೆಯಲೆಂದೇ ಬೆಳೆಸಿದ್ದು. ಅಲಸಂದೆಯೂ ಆಗುತ್ತದೆ. ಗೋರಿಕಾಯಿ, ಅಂದರೆ ಉತ್ತರ ಕರ್ನಾಟಕದ ಚವಳಿಕಾಯಿ, ಇವೆಲ್ಲಕ್ಕಿಂತ ಗಟ್ಟಿಗ. ನೀರು ಒಂದು ದಿನ ತಪ್ಪಿದರೂ ಮುನಿಸಿಕೊಳ್ಳುವುದಿಲ್ಲ.

ಕೊತ್ತಂಬರಿ ಹಾಕಲೇಬೇಕು ಅಂದರೆ ನೆರಳಿನ ಕಡೆ ಹಾಕಿ. ಬಿಸಿಲಲ್ಲಿ ಎಲೆ ಬಿಡುವ ಮೊದಲೇ ಹೂ ಬಿಟ್ಟು ಕೂರುತ್ತದೆ.

ಹೀರೆಕಾಯಿ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಫ್ಲ್ಯಾಟಿನವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ: "ಬಳ್ಳಿ ಚೆನ್ನಾಗಿದೆ, ಹೂ ರಾಶಿ ರಾಶಿ, ಆದರೆ ಹೀಚು ಹಳದಿಯಾಗಿ ಉದುರಿಹೋಗುತ್ತೆ." ಕೂಡಲೇ ಯಾರೋ ಗೊಬ್ಬರ ಕೊಡಿ ಅಂತಾರೆ, ಇನ್ಯಾರೋ ಮಜ್ಜಿಗೆ ಸಿಂಪಡಿಸಿ ಅಂತಾರೆ. ಎರಡೂ ಬೇಡ. ಪರಾಗ ಸೇರಿಲ್ಲ, ಅಷ್ಟೇ. ಏಳನೇ ಮಹಡಿಗೆ ಕೀಟಗಳು ಬರುವುದೇ ಅಪರೂಪ. ಅದರ ಮೇಲೆ ಹೀರೆ ಹೂ ಅರಳುವುದು ಸಂಜೆ. ಹಗಲಿನ ಜೇನು ಗೂಡಿಗೆ ಹೋದ ಮೇಲೆ. ಹಾಗಾಗಿ ಆ ಕೆಲಸ ನೀವೇ ಮಾಡಬೇಕು. ಸಂಜೆ ಗಿಡದ ಹತ್ತಿರ ಹೋಗಿ. ಹಿಂದೆ ಬರೀ ತೊಟ್ಟು ಇರುವುದು ಗಂಡು ಹೂ. ಹಿಂದೆ ಪುಟ್ಟ ಕಾಯಿಯ ಆಕಾರ ಇರುವುದು ಹೆಣ್ಣು ಹೂ. ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಮುಗೀತು. ಕುಂಬಳ ಇದ್ದರೆ ಸಂಜೆ ಹೋಗಿ ಉಪಯೋಗ ಇಲ್ಲ, ಅದು ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಶುರುವಿನಲ್ಲಿ ಬರೀ ಗಂಡು ಹೂವೇ ಬಂದರೆ ಗಾಬರಿ ಬೇಡ. ಈ ಬಳ್ಳಿಗಳ ರೀತಿಯೇ ಅದು.

ಇನ್ನೊಂದು ಗಾಬರಿ ಮಧ್ಯಾಹ್ನ ಎರಡು ಗಂಟೆಯದ್ದು. ಕುಂಬಳದ ಎಲೆ ಜೋತುಬಿದ್ದಿರುತ್ತದೆ. ಅಯ್ಯೋ ಅಂತ ಓಡಿ ಹೋಗಿ ನೀರು ಸುರಿಯುತ್ತೀರಿ. ಪೈಪಿನಲ್ಲಿ ನಿಂತ ನೀರು ಆ ಹೊತ್ತಿಗೆ ಕಾದಿರುತ್ತದೆ. ಮೊದಲು ಬೆರಳನ್ನು ಮಣ್ಣಿಗೆ ಚುಚ್ಚಿ ನೋಡಿ. ಒಳಗೆ ತೇವ ಇದ್ದರೆ ಸುಮ್ನೆ ಬಿಡಿ, ಸಂಜೆಗೆ ಎಲೆ ತಾನೇ ಎದ್ದು ನಿಲ್ಲುತ್ತದೆ. ನೀರು ಹಾಕಲು ಬೆಳಗ್ಗೆಯೇ ಸರಿಯಾದ ಹೊತ್ತು.

ಮಣ್ಣು ಬರಿದಾಗಿ ಕಾಣಬಾರದು. ಮಲೆನಾಡಿನ ಅಡಿಕೆ ತೋಟದವರು ಬುಡಕ್ಕೆ ದರಕು, ಅಂದರೆ ಒಣಗಿದ ಎಲೆ ಹಾಸುತ್ತಾರೆ. ನಮ್ಮ ರಸ್ತೆಗಳಲ್ಲಿ ಫೆಬ್ರವರಿ, ಮಾರ್ಚ್ ತುಂಬಾ ತರಗೆಲೆ ಬೀಳುತ್ತದೆ, ಗುಡಿಸಿ ಮೂಲೆಯಲ್ಲಿ ಸುಟ್ಟು ಹೊಗೆ ಎಬ್ಬಿಸುತ್ತೇವೆ. ಎರಡು ಚೀಲ ತುಂಬಿಕೊಂಡು ಬನ್ನಿ. ಕುಂಡದ ಮೇಲೆ ಮೂರು ಬೆರಳು ದಪ್ಪ ಹಾಸಿದರೆ ನೀರು ಆರುವುದು ಎಷ್ಟೋ ಕಡಿಮೆಯಾಗುತ್ತದೆ. ಕಪ್ಪು ಬ್ಯಾಗಿದ್ದರೆ ಹೊರಗೆ ಹಳೇ ಗೋಣಿಚೀಲ ಸುತ್ತಿ, ಬೇರು ಬೇಯುವುದು ತಪ್ಪುತ್ತದೆ. ನೆರಳಿಗೆ ಹಸಿರು ಪರದೆ ಕಟ್ಟುವುದಾದರೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟಿನದು ಸಾಕು. 90ರದ್ದು ಕಟ್ಟಿಸಿ ಬೆಂಡೆ ಹೂ ಬಿಡುತ್ತಿಲ್ಲ ಅಂತ ಕೇಳಬೇಡಿ.

ಟೆರೇಸ್ ತುಂಬಾ ಇಟ್ಟಿಗೆ ಕಟ್ಟಿ ಒಂದಡಿ ಮಣ್ಣು ತುಂಬುವವರಿಗೂ ಒಂದು ಮಾತು. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಹೊರೆ ಲೆಕ್ಕಕ್ಕೆ ಕಟ್ಟಿರುತ್ತಾರೆ. ಒಂದಡಿ ಒದ್ದೆ ಮಣ್ಣು ಚದರ ಮೀಟರಿಗೆ 500 ಕೆಜಿ ಹತ್ತಿರ ತೂಗುತ್ತದೆ. ಮುಂದಿನದನ್ನು ಎಂಜಿನಿಯರ್ ಹತ್ತಿರ ಕೇಳಿ.

"ಇಷ್ಟೆಲ್ಲ ಕಷ್ಟಪಟ್ಟರೆ ಉಳಿಯೋದು ಎಷ್ಟು?" ಅಂತ ಕೇಳುತ್ತೀರಿ. ದುಡ್ಡಿನ ಲೆಕ್ಕದಲ್ಲಿ ಹೆಚ್ಚೇನಿಲ್ಲ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಜನ ಸಸಿ ತಂದು ನೆಟ್ಟರು. ನೆಟ್ಟು ಹಣ್ಣಾಗಲು ಎರಡು ತಿಂಗಳು ಬೇಕು. ಸೆಪ್ಟೆಂಬರ್‌ನಲ್ಲಿ ಇವರ ಹಣ್ಣು ಕೆಂಪಾಗುವ ಹೊತ್ತಿಗೆ ಅಂಗಡಿಯಲ್ಲಿ ಬೆಲೆ ನೆಲ ಕಚ್ಚಿತ್ತು. ಬೆಳೆಯಬೇಕಾದದ್ದು ಕೊಳ್ಳಲು ಹೋದರೆ ತಾಜಾ ಸಿಗದೇ ಇರುವುದನ್ನು. ಒಂದೆಲಗ, ದೊಡ್ಡಪತ್ರೆ, ಕಿತ್ತ ಹತ್ತೇ ನಿಮಿಷಕ್ಕೆ ಒಲೆ ಮೇಲಿರುವ ಬಸಳೆ. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೊಂದು ದೊಡ್ಡಪತ್ರೆ ತಂಬುಳಿ ಇದ್ದರೆ ನನಗೆ ಬೇರೇನೂ ಬೇಡ.

ಏಪ್ರಿಲ್ ಕೊನೆಗೆ ಭರಣಿ ಮಳೆ ನಕ್ಷತ್ರ ಶುರು. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ರೈತರು ಸುಮ್ನೆ ಹೇಳಿಲ್ಲ. ಎರಡು ಮಳೆ ಬಿದ್ದ ಮೇಲೆ ಮೂಲೆಯ ಖಾಲಿ ಕುಂಡಗಳನ್ನು ಹೊರಗೆ ತನ್ನಿ. ಅಷ್ಟರಲ್ಲಿ ಮಣ್ಣಿಗೆ ಗೊಬ್ಬರ ಬೆರೆಸಿ ಇಟ್ಟಿರಿ. ಟೊಮೆಟೊ ಬೀಜವನ್ನು ಮೇ ಕೊನೆಗೆ ಸಣ್ಣ ಕಪ್ಪುಗಳಲ್ಲಿ ಹಾಕಿದರೆ ಜೂನ್ ಕೊನೆಗೆ ಸಸಿ ನೆಡಬಹುದು. ನನ್ನ ಜೊತೆ ಜಗಳಕ್ಕೆ ಬಂದವರು ಆಗ ಹಾಕಿಕೊಳ್ಳಿ, ನಾನೂ ನಾಲ್ಕು ಗಿಡ ಹಾಕುತ್ತೇನೆ.